ಋತುಮಾನ ಮತ್ತು ಛಾಯಾಚಿತ್ರ: ಗದಗ ಸೀಮೆಯ ಭೂದೃಶ್ಯಗಳನ್ನು ಕುರಿತು ಒಂದು ವಿಮರ್ಶೆ

1

ಶಾಸನವೊಂದು ಕೈಗೆ ಸಿಕ್ಕಿದರೆ ಅದರ ಶಕವರ್ಷ, ಮಾಸ, ತಿಥಿ, ವಾರಗಳನ್ನು ಗಣಿತಕ್ಕೆ ಹೊಂದಿಸಿ ನೋಡದೆ ನಾವು ಒಂದು ಮಾತನ್ನೂ ಬರೆಯುವುದಿಲ್ಲ. ತಿಥಿಯೂ ವಾರವೂ ಕೂಡದಿದ್ದರೆ ಶಾಸನದ ಪ್ರಾಮಾಣ್ಯವನ್ನೇ ಶಂಕಿಸುತ್ತೇವೆ. ಆದರೆ ಇದೇ ನಾವು ಒಂದು ಬೆಟ್ಟದ, ಕೆರೆಯ ಅಥವಾ ಹೊಲದ ಛಾಯಾಚಿತ್ರವನ್ನು ಪ್ರಬಂಧಕ್ಕೆ ಅಂಟಿಸುವಾಗ ಅದು ಯಾವ ತಿಂಗಳಿನದು, ಯಾವ ಹೊತ್ತಿನದು, ಯಾವ ದಿಕ್ಕಿಗೆ ಮುಖಮಾಡಿ ತೆಗೆದದ್ದು ಎಂಬುದನ್ನು ಕೇಳುವುದೇ ಇಲ್ಲ. ‘ಕಪ್ಪತಗುಡ್ಡದ ಒಂದು ನೋಟ’ ಎಂದು ಅಡಿಯಲ್ಲಿ ಬರೆದರೆ ಸಾಕೆಂದು ಭಾವಿಸುತ್ತೇವೆ. ಈ ಉದಾಸೀನದಿಂದ ಎಂತಹ ಪ್ರಮಾದ ಸಂಭವಿಸಬಲ್ಲುದೆಂಬುದಕ್ಕೆ ನಮ್ಮ ಅನುಭವವೇ ನಿದರ್ಶನವಾಗಿರುವುದರಿಂದ ಅದನ್ನೇ ಮೊದಲು ನಿವೇದಿಸುತ್ತೇವೆ.

ಕೆಲವು ವರ್ಷಗಳ ಹಿಂದೆ ವಿದ್ಯಾರ್ಥಿಯೊಬ್ಬರು ನಮ್ಮ ಮಾರ್ಗದರ್ಶನದಲ್ಲಿ ಕಪ್ಪತಗುಡ್ಡದ ಆಸುಪಾಸಿನ ಹಳ್ಳಿಗಳನ್ನು ಕುರಿತು ಕಿರುಪ್ರಬಂಧವೊಂದನ್ನು ಸಿದ್ಧಪಡಿಸಿದರು. ಅದರಲ್ಲಿ ಒಂದೇ ಇಳಿಜಾರಿನ ಎರಡು ಚಿತ್ರಗಳಿದ್ದವು. ಹಳೆಯದರಲ್ಲಿ ಗುಡ್ಡ ಹಸುರಾಗಿತ್ತು. ಹೊಸದರಲ್ಲಿ ಬೋಳಾಗಿ ಕಲ್ಲು ತೇಲಿತ್ತು. ನಡುವಣ ಹತ್ತು ವರ್ಷಗಳಲ್ಲಿ ಕಾಡು ನಾಶವಾಯಿತೆಂಬುದು ಪ್ರಬಂಧದ ಸಿದ್ಧಾಂತ. ವಾದ ನಮಗೂ ಪ್ರಿಯವಾದುದೇ ಆಗಿದ್ದುದರಿಂದ ನಾವು ಸಂತೋಷದಿಂದ ಒಪ್ಪಿ ಒಳ್ಳೆಯ ಅಂಕಗಳನ್ನೂ ಕೊಟ್ಟೆವು. ಮರುವರ್ಷ ಸೆಪ್ಟೆಂಬರಿನಲ್ಲಿ ಕಾರ್ಯಾಂತರದಿಂದ ಡಂಬಳದ ಕಡೆಗೆ ಹೋದಾಗ ಅದೇ ಇಳಿಜಾರು ಹಳೆಯ ಚಿತ್ರದಲ್ಲಿದ್ದಂತೆಯೇ ಹಸುರಾಗಿ ನಿಂತಿತ್ತು. ಬಳಿಕ ವಿಚಾರಿಸಲಾಗಿ, ಹಳೆಯ ಚಿತ್ರ ಶ್ರಾವಣದ್ದೆಂದೂ ಹೊಸದು ಬೇಸಿಗೆಯ ರಜೆಯಲ್ಲಿ ತೆಗೆದದ್ದೆಂದೂ ತಿಳಿದುಬಂದಿತು. ಹತ್ತು ವರ್ಷಗಳ ನಾಶವೆಂದು ನಾವು ಓದಿದ್ದು ಎಂಟು ತಿಂಗಳ ಋತುಪರಿವರ್ತನೆಯಾಗಿತ್ತು. ಕಾಡು ಕ್ಷೀಣಿಸಿದೆಯೋ ಇಲ್ಲವೋ ಎಂಬ ಪ್ರಶ್ನೆಗೆ ಆ ಎರಡು ಚಿತ್ರಗಳು ಯಾವ ಉತ್ತರವನ್ನೂ ಕೊಡಲಾರವು. ತಪ್ಪು ವಿದ್ಯಾರ್ಥಿಯದಲ್ಲ, ಕೇಳಬೇಕಾದ ಪ್ರಶ್ನೆಯನ್ನು ಕೇಳದೆ ಹೋದ ನಮ್ಮದು.

ಇದು ಒಂದು ಪ್ರಬಂಧದ ಮಾತಾಗಿದ್ದರೆ ಇಷ್ಟು ವಿಸ್ತರಿಸುವ ಅಗತ್ಯವಿರಲಿಲ್ಲ. ಆದರೆ ಕಪ್ಪತಗುಡ್ಡವು ಈಚಿನ ವರ್ಷಗಳಲ್ಲಿ ಆದೇಶಗಳಿಗೂ ಹೋರಾಟಗಳಿಗೂ ವಿಷಯವಾದ ಸ್ಥಳ. 2015ರಲ್ಲಿ ಅದನ್ನು ಸಂರಕ್ಷಣಾ ಮೀಸಲು ಪ್ರದೇಶವೆಂದು ಸಾರಲಾಯಿತು. 2016ರಲ್ಲಿ ಆ ಆದೇಶವನ್ನು ಹಿಂತೆಗೆದುಕೊಳ್ಳಲಾಯಿತು. 2017ರ ಜನಾಂದೋಲನದ ತರುವಾಯ ಅದು ಮರಳಿ ಬಂದಿತು. 2019ರಲ್ಲಿ ಸುಮಾರು 244 ಚದರ ಕಿಲೋಮೀಟರ್ ಪ್ರದೇಶ ವನ್ಯಜೀವಿಧಾಮವಾಯಿತು. ಇಂತಹ ಸ್ಥಳದ ವಿಷಯದಲ್ಲಿ ಚಿತ್ರವು ಕೇವಲ ಅಲಂಕಾರವಲ್ಲ, ಸಾಕ್ಷ್ಯ. ‘ಇಲ್ಲಿ ಕಳೆದುಕೊಳ್ಳುವುದಕ್ಕೆ ಏನಿದೆ?’ ಎನ್ನುವವನಿಗೆ ಏಪ್ರಿಲಿನ ಒಂದು ಚಿತ್ರ ಸಾಕು. ‘ಇದು ಉತ್ತರ ಕರ್ನಾಟಕದ ಸಹ್ಯಾದ್ರಿ’ ಎನ್ನುವವನಿಗೆ ಆಗಸ್ಟಿನ ಒಂದು ಚಿತ್ರ ಸಾಕು. ಎರಡೂ ಚಿತ್ರಗಳು ನಿಜವಾದವು. ಒಂಟಿಯಾಗಿ ನಿಂತಾಗ ಎರಡೂ ದಾರಿತಪ್ಪಿಸತಕ್ಕವು. ಈ ಸೀಮೆಯ ಭೂದೃಶ್ಯವನ್ನು ವರ್ಷದ ಹಲವು ಹೊತ್ತುಗಳಲ್ಲಿ ಒಂದೇ ನೆಲೆಯಿಂದ ತೆಗೆದ ಮಾಲೆಯಾಗಿ ನೋಡಿದ ಹೊರತು ಅದರ ಚಿತ್ರಣ ಸತ್ಯವಾಗಲಾರದೆಂಬುದು ಪ್ರಕೃತ ಲೇಖನದ ಪ್ರತಿಪಾದ್ಯ.

2

ನಮ್ಮ ಸೀಮೆಯ ಛಾಯಾಚಿತ್ರಗಳ ಪರಂಪರೆ ಹೊಸದಲ್ಲ. 1850ರ ದಶಕದಲ್ಲಿಯೇ ಕರ್ನಲ್ ಬಿಗ್ಸ್, ಡಾಕ್ಟರ್ ಪಿಗೂ ಮೊದಲಾದವರು ಧಾರವಾಡ ಪ್ರಾಂತದ ಗುಡಿಗಳ ಚಿತ್ರಗಳನ್ನು ತೆಗೆದರು. ಅವುಗಳಲ್ಲಿ ಆಯ್ದವು ಮೆಡೋಸ್ ಟೇಲರ್ ಮತ್ತು ಜೇಮ್ಸ್ ಫರ್ಗ್ಯುಸನ್ನರ ಬರೆವಣಿಗೆಯೊಡನೆ ‘ಆರ್ಕಿಟೆಕ್ಚರ್ ಇನ್ ಧಾರವಾರ್ ಅಂಡ್ ಮೈಸೂರ್’ ಎಂಬ ಹೆಸರಿನಲ್ಲಿ 1866ರಲ್ಲಿ ಲಂಡನ್ನಿನಿಂದ ಪ್ರಕಟವಾದವು. ಬಳಿಕ ಪುರಾತತ್ತ್ವ ಇಲಾಖೆಯ ಹೆನ್ರಿ ಕೌಸೆನ್ಸ್ ಅವರು ಲಕ್ಕುಂಡಿ, ಗದಗ, ಡಂಬಳಗಳ ದೇಗುಲಗಳನ್ನು ಅಳೆದು, ಚಿತ್ರಿಸಿ, ಕನ್ನಡ ಜಿಲ್ಲೆಗಳ ಚಾಲುಕ್ಯ ವಾಸ್ತುವನ್ನು ಕುರಿತ ಹೊತ್ತಗೆಯಾಗಿ 1926ರಲ್ಲಿ ಹೊರತಂದರು. ಈ ಮಹನೀಯರ ಪರಿಶ್ರಮಕ್ಕೆ ನಾವೆಲ್ಲರೂ ಋಣಿಗಳು. ಅವರ ದೃಷ್ಟಿ ಶಿಲ್ಪದ ಮೇಲಿತ್ತೇ ಹೊರತು ನೆಲದ ಮೇಲಿರಲಿಲ್ಲ. ಆದುದರಿಂದ ಹೊಲ, ಕೆರೆ, ಆಕಾಶಗಳನ್ನು ಅವರು ಬಿಟ್ಟರೆಂದು ದೂಷಿಸುವುದು ನ್ಯಾಯವಲ್ಲ.

ಆದರೂ ಆ ಕಾಲದ ಚಿತ್ರಗಳಲ್ಲಿ ಒಂದು ಯಾಂತ್ರಿಕ ದೋಷ ಸಹಜವಾಗಿಯೇ ಇದ್ದಿತೆಂಬುದನ್ನು ಮರೆಯಲಾಗದು. ಅಂದಿನ ಬೆಳ್ಳಿಯ ಲವಣಗಳು ನೀಲಿ ಬೆಳಕಿಗೆ ಮಾತ್ರ ಚುರುಕಾಗಿ ಸ್ಪಂದಿಸುತ್ತಿದ್ದವು. ಹಸುರಿಗೂ ಕೆಂಪಿಗೂ ಬಹುಮಟ್ಟಿಗೆ ಕುರುಡು. ಬಣ್ಣಗಳಿಂದ ಈ ಕುರುಡನ್ನು ನೀಗಬಹುದೆಂದು ಜರ್ಮನಿಯ ವೋಗೆಲ್ ಕಂಡುಹಿಡಿದದ್ದು 1873ರಲ್ಲಿ. ಎಲ್ಲ ವರ್ಣಗಳಿಗೂ ಸ್ಪಂದಿಸುವ ಫಲಕಗಳು ಮಾರುಕಟ್ಟೆಗೆ ಬಂದದ್ದು 1906ರಲ್ಲಿ. ಅದಕ್ಕೆ ಮುಂಚಿನ ಚಿತ್ರಗಳಲ್ಲಿ ಆಕಾಶವು ಮೋಡವಿದ್ದರೂ ಇಲ್ಲದಿದ್ದರೂ ಬಿಳಿಯ ಹಾಳೆಯಾಗುತ್ತಿತ್ತು. ಎಲೆಯ ಹಸುರೂ ಮಸಾರಿಯ ಕೆಂಪೂ ಸಮನಾಗಿ ಕಪ್ಪಾಗುತ್ತಿದ್ದವು. ಮೋಡವನ್ನು ಹಿಡಿಯಲಾರದ, ಕೆಂಪು ನೆಲವನ್ನೂ ಕರಿನೆಲವನ್ನೂ ಬೇರ್ಪಡಿಸಲಾರದ ಕಣ್ಣಿಗೆ ಈ ಸೀಮೆಯ ಮುಂಗಾರು ಕಾಣುವುದೆಂತು? ಹೀಗಾಗಿ ನಮ್ಮ ಅತ್ಯಂತ ಪ್ರಾಚೀನ ಚಿತ್ರಗಳಲ್ಲಿ ಋತುವೆಂಬುದೇ ಇಲ್ಲ. ಅವುಗಳನ್ನು ನೋಡಿ ‘ಆಗ ಇಲ್ಲಿ ಗಿಡಮರ ದಟ್ಟವಾಗಿದ್ದವು’ ಎಂದಾಗಲಿ ‘ನೆಲ ಸುಟ್ಟುಹೋಗಿತ್ತು’ ಎಂದಾಗಲಿ ನಿರ್ಣಯಿಸುವ ಮುನ್ನ ಈ ಅಂಶವನ್ನು ಗಮನಿಸತಕ್ಕದ್ದು.

ಇಂದಿನ ಉಪಕರಣಗಳು ಈ ದೋಷದಿಂದ ಪಾರಾಗಿವೆ; ಆದರೆ ವಿರುದ್ಧವಾದ ದೋಷವೊಂದಕ್ಕೆ ಸಿಕ್ಕಿವೆ. ಕಿಸೆಯ ದೂರವಾಣಿಯಲ್ಲಿರುವ ಕ್ಯಾಮೆರಾ ಹಸುರನ್ನು ಇನ್ನಷ್ಟು ಹಸುರಾಗಿಸುತ್ತದೆ, ನೆರಳನ್ನು ತಾನೇ ತೊಳೆದು ಬೆಳಗಿಸುತ್ತದೆ, ಧೂಳು ಕವಿದ ಬಾನಿಗೆ ನೀಲಿ ಬಳಿಯುತ್ತದೆ. ತೆಗೆದವನು ಬಯಸದಿದ್ದರೂ ಏಪ್ರಿಲು ತುಸು ನವೆಂಬರಾಗುತ್ತದೆ. ಮೇಲಾಗಿ ಚಿತ್ರದೊಡನೆ ಅಡಕವಾಗಿರುವ ದಿನಾಂಕ, ವೇಳೆಗಳ ಮಾಹಿತಿಯು ವಾಟ್ಸಾಪಿನಲ್ಲಿ ಚಿತ್ರವಾಗಿ ಕೈಯಿಂದ ಕೈಗೆ ಸಾಗುವಾಗ ಕಳಚಿಹೋಗುತ್ತದೆ. ಹಳೆಯ ಚಿತ್ರಕ್ಕೆ ಋತು ಇರಲಿಲ್ಲ. ಹೊಸ ಚಿತ್ರಕ್ಕೆ ಇರುವ ಋತುವನ್ನು ನಾವು ಒರೆಸಿಹಾಕುತ್ತಿದ್ದೇವೆ.

3

ಪ್ರಚಲಿತ ಚಿತ್ರಗಳ ಗುಣದೋಷಗಳನ್ನು ಈಗ ಸ್ಥಳವಾರು ವಿಚಾರಿಸೋಣ.

ಕಪ್ಪತಗುಡ್ಡದ ಚಿತ್ರಗಳಲ್ಲಿ ಬಹುಪಾಲು ಮಳೆಗಾಲದ ಮುಂಜಾವಿನವು. ತುದಿಗೆ ಮೋಡ ತಗುಲಿರುತ್ತದೆ, ಬುಡದಲ್ಲಿ ಹುಲ್ಲು ಚಿಗುರಿರುತ್ತದೆ. ಎಪ್ಪತ್ತು ಗುಡ್ಡ ನೋಡುವ ಬದಲು ಕಪ್ಪತಗುಡ್ಡವೊಂದನ್ನು ನೋಡೆಂಬ ಜನರ ಮಾತಿಗೆ ಇವು ಅನುರೂಪವಾಗಿಯೇ ಇವೆ. ಆದರೆ ಇದು ಎಲೆಯುದುರುವ ಕಾಡು ಮತ್ತು ಕುರುಚಲಿನ ಗುಡ್ಡ. ಮಾಘ ಫಾಲ್ಗುಣಗಳಲ್ಲಿ ಎಲೆ ಕಳಚಿ, ಹುಲ್ಲು ಒಣಗಿ, ಬೆಂಕಿಯ ಭಯ ಹೊತ್ತು ನಿಲ್ಲುವುದೂ ಅದರ ಸ್ವಭಾವವೇ. ಆ ಅರ್ಧವನ್ನು ಮುಚ್ಚಿಟ್ಟು ಹೊಗಳಿದರೆ, ಮೊದಲ ಬಾರಿಗೆ ಮಾರ್ಚಿನಲ್ಲಿ ಬಂದ ಪ್ರವಾಸಿಯು ಮೋಸಹೋದೆನೆಂದು ತಿಳಿಯುತ್ತಾನೆ. ಒಣಗಿದ ಕಾಡನ್ನು ಸತ್ತ ಕಾಡೆಂದು ಭ್ರಮಿಸುತ್ತಾನೆ. ಇನ್ನೊಂದು ಆಕ್ಷೇಪವೂ ಉಂಟು. ಗುಡ್ಡದ ಏಣುಗಳ ಮೇಲೆ ಇಂದು ಗಾಳಿಯಂತ್ರಗಳ ಕಂಬಗಳು ಸಾಲಾಗಿ ನಿಂತಿವೆ. ಅನೇಕರು ಅವು ಕಾಣದಂತೆ ಚೌಕಟ್ಟನ್ನು ಒತ್ತರಿಸುತ್ತಾರೆ, ಇಲ್ಲವೆ ಆಮೇಲೆ ಅಳಿಸುತ್ತಾರೆ. ಸೌಂದರ್ಯದ ದೃಷ್ಟಿಯಿಂದ ಇದು ಕ್ಷಮ್ಯವಾಗಬಹುದು. ಇತಿಹಾಸದ ದೃಷ್ಟಿಯಿಂದ ಶಾಸನದ ಸಾಲನ್ನು ಕೆತ್ತಿ ತೆಗೆದಂತೆಯೇ ಸರಿ.

ಶಿರಹಟ್ಟಿ ಲಕ್ಷ್ಮೇಶ್ವರಗಳ ನಡುವಣ ಮಾಗಡಿ ಕೆರೆಯ ಸಂಗತಿ ಇನ್ನೂ ಸ್ಪಷ್ಟವಾದುದು. ಚಳಿಗಾಲದಲ್ಲಿ ಮಧ್ಯ ಏಷ್ಯದ ಕಡೆಯಿಂದ ಬರುವ ಪಟ್ಟೆತಲೆ ಹೆಬ್ಬಾತುಗಳಿಂದ ಈ ಕೆರೆ ಹೆಸರಾಗಿದೆ. 2024ರಲ್ಲಿ ರಾಮ್ಸರ್ ಪಟ್ಟಿಗೂ ಸೇರಿತು. ಇದರ ಚಿತ್ರಗಳೆಲ್ಲವೂ ನವೆಂಬರಿನಿಂದ ಫೆಬ್ರವರಿಯೊಳಗಿನವು. ದೂರದರ್ಶಕ ಮಸೂರದಿಂದ ಹಕ್ಕಿಯನ್ನು ಚೌಕಟ್ಟು ತುಂಬ ಹಿಡಿದವು. ರೆಕ್ಕೆಯ ಗರಿಗಳನ್ನು ಎಣಿಸಬಹುದು. ಕೆರೆ ಮಾತ್ರ ಕಾಣುವುದಿಲ್ಲ. ಏರಿ ಎಲ್ಲಿದೆ, ನೀರು ಎಷ್ಟು ದೂರಕ್ಕೆ ಹರಡಿದೆ, ಹಕ್ಕಿಗಳು ಮೇಯುವ ಹೊಲಗಳು ಎತ್ತ ಕಡೆಗಿವೆ ಎಂಬುದನ್ನು ಆ ಚಿತ್ರಗಳಿಂದ ಅರಿಯಲಾಗದು. ಇದು ಹೊಲಗಳಿಗೆ ನೀರುಣಿಸಲೆಂದು ಮನುಷ್ಯರು ಕಟ್ಟಿದ ಕೆರೆ. ಹಕ್ಕಿ ಕೆರೆಗಿಳಿಯುವುದು ಅಲ್ಲಿ ನೀರಿದ್ದರೆ. ನೀರಿರುವುದು ಮಳೆ ಬಂದರೆ. ಆದುದರಿಂದ ಅಕ್ಟೋಬರಿನ ಆರಂಭದ ಖಾಲಿ ಹಕ್ಕಿಯ ಕೆರೆ, ಮೇ ತಿಂಗಳ ಬಿರಿದ ಕೆಸರಿನ ಅಂಚು, ಇವೆರಡೂ ಸೇರಿದಾಗಲೇ ಜನವರಿಯ ಹಿಂಡಿಗೆ ಅರ್ಥ ಬರುವುದು.

ಲಕ್ಷ್ಮೇಶ್ವರದಿಂದ ಶಿರಹಟ್ಟಿಯ ಕಡೆಗೆ ಸಾಗುವವನಿಗೆ ಎರೆಯ ಕಪ್ಪು ಮುಗಿದು ಮಸಾರಿಯ ಕೆಂಪು ತಲೆದೋರುವುದು ಕಣ್ಣಿಗೇ ತಿಳಿಯುತ್ತದೆ. ಈ ಸೀಮೆಯ ಭೂದೃಶ್ಯದ ಮುಖ್ಯ ರಹಸ್ಯ ಇಲ್ಲಿಯೇ ಇದೆಯೆಂದು ನಮ್ಮ ಅಭಿಪ್ರಾಯ. ಗುಡ್ಡವೂ ಎರೆಯ ಹೊಲವೂ ಒಂದೇ ಕಾಲಕ್ಕೆ ಹಸುರಾಗುವುದಿಲ್ಲ. ಆಗಸ್ಟಿನಲ್ಲಿ ಗುಡ್ಡ ಹಸುರು, ಮಸಾರಿಯಲ್ಲಿ ಶೇಂಗಾ ಹಸುರು. ಆದರೆ ಹಿಂಗಾರಿಗೆಂದು ಬಿಟ್ಟ ಎರೆಹೊಲ ಹರಗಿ, ಕಪ್ಪಾಗಿ, ಬರಿದಾಗಿ ಮಳೆ ಕುಡಿಯುತ್ತಿರುತ್ತದೆ. ಸೆಪ್ಟೆಂಬರ್ ಅಕ್ಟೋಬರುಗಳ ಮಳೆಯ ಹದದಲ್ಲಿ ಬಿಳಿಜೋಳ, ಕಡಲೆ, ಕುಸುಬೆಗಳು ಬಿತ್ತನೆಯಾಗಿ, ಎಳ್ಳಮಾವಾಸ್ಯೆಯ ಹೊತ್ತಿಗೆ ಬಯಲೆಲ್ಲ ಹಸುರಾಗುವಾಗ ಹಿಂದಿನ ಗುಡ್ಡ ಹಳದಿಗೆ ತಿರುಗಿರುತ್ತದೆ. ವರ್ಷಕ್ಕೆ ಸರಾಸರಿ 600 ಮಿಲಿಮೀಟರಿನ ಆಸುಪಾಸು ಮಳೆ ಬೀಳುವ, ಅದರಲ್ಲಿಯೂ ಸೆಪ್ಟೆಂಬರ್ ಅಕ್ಟೋಬರುಗಳನ್ನು ಹೆಚ್ಚಾಗಿ ನೆಚ್ಚಿಕೊಂಡ ಸೀಮೆಯ ಲಕ್ಷಣವಿದು. ಗುಡ್ಡವನ್ನೂ ಹೊಲವನ್ನೂ ಒಂದೇ ಚೌಕಟ್ಟಿನಲ್ಲಿ ಹಿಡಿದು, ಆಗಸ್ಟಿನಲ್ಲೊಮ್ಮೆ ಡಿಸೆಂಬರಿನಲ್ಲೊಮ್ಮೆ ತೆಗೆದರೆ ಈ ಅದಲುಬದಲು ತಾನಾಗಿ ಗೋಚರಿಸುತ್ತದೆ. ಅಂತಹ ಜೋಡಿಚಿತ್ರವನ್ನು ನಾವು ಈವರೆಗೆ ಒಂದು ಸ್ಮರಣಸಂಚಿಕೆಯಲ್ಲಿಯೂ ಕಂಡಿಲ್ಲ.

ಮುಂಡರಗಿಯ ದಕ್ಷಿಣಕ್ಕೆ ತುಂಗಭದ್ರೆಯ ದಂಡೆಯ ವಿಷಯದಲ್ಲಿ ನಷ್ಟವು ಸರಿಪಡಿಸಲಾಗದ್ದು. ಹಮ್ಮಿಗಿಯ ಬಳಿ ಬ್ಯಾರೇಜು ಕಟ್ಟಿದ ಮೇಲೆ ಅದರ ಹಿಂಬದಿಯಲ್ಲಿ ನೀರು ನಿಂತಿತು. ಬೇಸಿಗೆಯಲ್ಲಿ ಮರಳೂ ಬಂಡೆಯೂ ತೋರುತ್ತಿದ್ದ ಹೊಳೆಯ ಪಾತ್ರ ಅಲ್ಲಿ ಮುಳುಗಿತು. ಮುಂಚಿನ ಬೇಸಿಗೆಯ ಹೊಳೆಯನ್ನು ಯಾರಾದರೂ ಚಿತ್ರಿಸಿದ್ದರೆ ಅದು ಇನ್ನು ಮುಂದೆ ದೊರೆಯದ ದಾಖಲೆ. ತುಂಬಿ ಹರಿಯುವ ಹೊಳೆಯ ಚಿತ್ರ ಎಲ್ಲರ ಮನೆಯಲ್ಲಿಯೂ ಇದೆ; ಬತ್ತಿದ ಹೊಳೆಯದು ಹುಡುಕಿದರೂ ಸಿಕ್ಕದು. ಜನ ಚೆಲುವೆಂದು ತಿಳಿದ ಋತುವನ್ನು ಮಾತ್ರ ಉಳಿಸಿಕೊಳ್ಳುತ್ತಾರೆ.

ಅಧ್ಯಾಪಕರಾದ ನಮ್ಮ ದೋಷ ಬೇರೆ ಬಗೆಯದು. ನಮ್ಮ ವಿಭಾಗದ ಪಾಠಕ್ಕೆ ಬಳಸುವ ಚಿತ್ರಗಳನ್ನು ಒಮ್ಮೆ ತಿಂಗಳುವಾರು ವಿಂಗಡಿಸಿ ನೋಡಿದೆವು. ಬಹುಪಾಲು ದಸರೆಯ ಬಿಡುವಿನವು ಅಥವಾ ಏಪ್ರಿಲ್ ಮೇ ತಿಂಗಳಿನವು. ಎಂದರೆ ನಮ್ಮ ಭೂದೃಶ್ಯದ ಕಾಲವನ್ನು ನಿರ್ಣಯಿಸಿದ್ದು ಮಳೆಯಲ್ಲ, ಕಾಲೇಜಿನ ರಜೆಯ ಪಟ್ಟಿ.

4

ದೋಷವನ್ನು ಎತ್ತಿ ತೋರಿಸಿದ ಮೇಲೆ ಪರಿಹಾರವನ್ನೂ ಸೂಚಿಸುವುದು ವಿಮರ್ಶಕನ ಕರ್ತವ್ಯ. ಇಲ್ಲಿ ಮೊದಲು ಬೆಳಕಿನ ಲೆಕ್ಕವನ್ನು ಅರಿತುಕೊಳ್ಳಬೇಕು.

ಗದಗ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳು 15 ಡಿಗ್ರಿ ಉತ್ತರ ಅಕ್ಷಾಂಶಕ್ಕೆ ತುಸು ಮೇಲಿವೆ. ಆದಕಾರಣ ಮೇ ತಿಂಗಳ ಮೊದಲ ದಿನಗಳಲ್ಲೊಮ್ಮೆ, ಆಗಸ್ಟ್ 10ರ ಸುಮಾರಿಗೆ ಮತ್ತೊಮ್ಮೆ ನಡುಹಗಲಿನ ಸೂರ್ಯ ನೇರ ನೆತ್ತಿಯ ಮೇಲೆ ಬರುತ್ತಾನೆ. ಇವೆರಡರ ನಡುವೆ ಮಧ್ಯಾಹ್ನದಲ್ಲಿ ಅವನು ನೆತ್ತಿಯಿಂದ ಉತ್ತರಕ್ಕಿರುತ್ತಾನೆ. ಡಿಸೆಂಬರ್ 21ರ ಸುಮಾರಿಗೆ ನಡುಹಗಲಿನಲ್ಲಿಯೂ ಅವನ ಎತ್ತರ 51 ಡಿಗ್ರಿಯನ್ನು ಹೆಚ್ಚಾಗಿ ಮೀರುವುದಿಲ್ಲ. ಇದರ ಫಲವೇನೆಂದರೆ, ಲಕ್ಕುಂಡಿಯ ಕಾಶಿವಿಶ್ವೇಶ್ವರ ಗುಡಿಯ ಬಡಗಣ ಗೋಡೆ ಚಳಿಗಾಲವೆಲ್ಲ ನೆರಳಿನಲ್ಲಿರುತ್ತದೆ. ಅದಕ್ಕೆ ಹಗಲೆಲ್ಲ ಬಿಸಿಲು ತಾಗುವುದು ಮೇ ನಡುವಿನಿಂದ ಜುಲೈ ಕೊನೆಯವರೆಗೆ. ಜೂನ್ ಜುಲೈಗಳಲ್ಲಿ ಮೋಡವೇ ಹೆಚ್ಚು; ಆದುದರಿಂದ ಮೇ ಉತ್ತರಾರ್ಧವೇ ಆ ಗೋಡೆಗೆ ಪ್ರಶಸ್ತಕಾಲ. ಡಂಬಳದ ದೊಡ್ಡಬಸಪ್ಪ ಗುಡಿಯ ನಕ್ಷತ್ರಾಕಾರದ ಕೋನಗಳು ನೆತ್ತಿಯ ಬಿಸಿಲಿನಲ್ಲಿ ಚಪ್ಪಟೆಯಾಗಿ, ಓರೆಬಿಸಿಲಿನಲ್ಲಿ ಒಂದೊಂದಾಗಿ ಎದ್ದು ಕಾಣುವುದಕ್ಕೂ ಇದೇ ಕಾರಣ.

ಗುಡ್ಡಕ್ಕೂ ಈ ಲೆಕ್ಕ ಅನ್ವಯಿಸುತ್ತದೆ. ಕಪ್ಪತಗುಡ್ಡದ ಸಾಲು ವಾಯವ್ಯದಿಂದ ಆಗ್ನೇಯಕ್ಕೆ ಚಾಚಿದೆ. ಡಂಬಳದ ಕಡೆಯ ಮುಖಕ್ಕೆ ಮುಂಜಾನೆಯ ಬೆಳಕು, ಶಿರಹಟ್ಟಿಯ ಕಡೆಯ ಮುಖಕ್ಕೆ ಸಂಜೆಯದು. ಇಷ್ಟನ್ನು ಎಲ್ಲರೂ ಬಲ್ಲರು. ಆದರೆ ಸೂರ್ಯ ಹುಟ್ಟುವ ನೆಲೆಯು ಜೂನಿನಲ್ಲಿ ಪೂರ್ವದಿಂದ 24 ಡಿಗ್ರಿಯಷ್ಟು ಉತ್ತರಕ್ಕೂ ಡಿಸೆಂಬರಿನಲ್ಲಿ ಅಷ್ಟೇ ದಕ್ಷಿಣಕ್ಕೂ ಸರಿಯುತ್ತದೆಂಬುದನ್ನು ನಾವು ಮರೆಯುತ್ತೇವೆ. ಜೂನಿನ ಮುಂಜಾನೆ ಡಂಬಳದ ಕಡೆಯ ಮುಖಕ್ಕೆ ಬೆಳಕು ಇದಿರಾಗಿ ಬಿದ್ದು ಬಣ್ಣವನ್ನು ತೋರಿಸುತ್ತದೆ. ಡಿಸೆಂಬರಿನ ಮುಂಜಾನೆ ಓರೆಯಾಗಿ ಬಿದ್ದು ಕೊಳ್ಳಗಳ ಮಡಿಕೆಗಳನ್ನು ತೋರಿಸುತ್ತದೆ. ಬಣ್ಣ ಬೇಕೋ ಆಕಾರ ಬೇಕೋ ಎಂಬುದರ ಮೇಲೆ ಋತುವನ್ನು ಆರಿಸಿಕೊಳ್ಳಬೇಕು.

ಹವೆಯ ವಿಷಯದಲ್ಲಿ ಎರಡು ಮಾತು. ಬೇಸಿಗೆಯ ಧೂಳಿನಲ್ಲಿ ದೂರದ ಗುಡ್ಡ ಬೂದಿಯಾಗಿ ಕರಗುತ್ತದೆ. ಅಡ್ಡಮಳೆಯೊಂದು ಸುರಿದ ಮರುದಿನದ ಬೆಳಗು ಧೂಳು ಅಡಗಿ ನೋಟ ಬಲು ದೂರ ಹಾಯುತ್ತದೆ. ಏಪ್ರಿಲ್ ಮೇ ತಿಂಗಳಲ್ಲಿ ಕಾದಿರಬೇಕಾದದ್ದು ಆ ಬೆಳಗಿಗೆ. ಇನ್ನು ಎರೆನೆಲದ ಚಿತ್ರದಲ್ಲಿ ಕ್ಯಾಮೆರಾವನ್ನು ಪೂರ್ತಿ ನಂಬಲಾಗದು. ಅದು ಯಾವ ದೃಶ್ಯವನ್ನಾದರೂ ನಡುಬೂದು ಛಾಯೆಗೆ ತರಲೆಳಸುವ ಯಂತ್ರವಾದುದರಿಂದ ಕರಿನೆಲವನ್ನು ಬೂದಿ ಮಾಡಿ ಆಕಾಶವನ್ನು ಸುಟ್ಟುಬಿಡುತ್ತದೆ. ಬೆಳಕಿನ ಪ್ರಮಾಣವನ್ನು ಒಂದು ಮೆಟ್ಟಿಲು ತಗ್ಗಿಸಿದರೆ ಎರೆಯು ಎರೆಯಾಗಿಯೇ ಉಳಿಯುತ್ತದೆ.

5

ಮಾಲೆಗೆ ದಿನಗಳನ್ನು ಹೇಗೆ ಗೊತ್ತುಮಾಡುವುದು? ಪಾಶ್ಚಾತ್ಯ ಪುಸ್ತಕಗಳು ಹೇಳುವ ವಸಂತ, ಗ್ರೀಷ್ಮ, ಶರತ್, ಶಿಶಿರಗಳೆಂಬ ನಾಲ್ಕರ ವಿಭಾಗ ಇಲ್ಲಿಗೆ ಹೊಂದುವುದಿಲ್ಲ. ನಮ್ಮ ಷಡೃತುಗಳು ಕಾವ್ಯಕ್ಕೆ ಒಪ್ಪಿದರೂ ಹೊಲಕ್ಕೆ ಪೂರ್ತಿ ಒಪ್ಪವು. ಈ ಸೀಮೆಯ ಒಕ್ಕಲಿಗನ ಮಳೆನಕ್ಷತ್ರಗಳ ಲೆಕ್ಕವೇ ಎಲ್ಲಕ್ಕಿಂತ ಉಪಯುಕ್ತವೆಂದು ನಮಗೆ ತೋರುತ್ತದೆ. ಒಂದೊಂದು ಮಳೆ 13 ಅಥವಾ 14 ದಿನ. ಸೂರ್ಯನ ಗತಿಯನ್ನು ಅನುಸರಿಸಿದ್ದರಿಂದ ವರ್ಷವರ್ಷವೂ ಹೆಚ್ಚುಕಡಮೆ ಅದೇ ತಾರೀಖಿಗೆ ಬರುತ್ತದೆ. ಕಾರಹುಣ್ಣಿಮೆ, ಸೀಗೆಹುಣ್ಣಿಮೆ, ಎಳ್ಳಮಾವಾಸ್ಯೆಗಳು ಪೈರಿನ ಸ್ಥಿತಿಯನ್ನು ಸೊಗಸಾಗಿ ಸೂಚಿಸುತ್ತವೆ. ಆದರೆ ಚಾಂದ್ರಮಾನದ ಹಬ್ಬಗಳಾದುದರಿಂದ ವರ್ಷದಿಂದ ವರ್ಷಕ್ಕೆ ಹಿಂದುಮುಂದಾಗುತ್ತವೆ. ಹೋಲಿಕೆಗೆ ಸ್ಥಿರವಾದ ದಿನ ಬೇಕಾಗಿರುವುದರಿಂದ ನಕ್ಷತ್ರವನ್ನು ಆಧಾರವಾಗಿಟ್ಟುಕೊಂಡು ಹಬ್ಬವನ್ನು ಟಿಪ್ಪಣಿಯಾಗಿ ಬರೆಯುವುದು ಲೇಸು.

ಇದರಂತೆ ವರ್ಷಕ್ಕೆ ಆರು ಸಲ ಸಾಕು: ಮೇ ಕೊನೆಗೆ ರೋಹಿಣಿ, ಜೂನ್ ಕೊನೆಗೆ ಆರಿದ್ರಾ, ಆಗಸ್ಟ್ ಉತ್ತರಾರ್ಧದಲ್ಲಿ ಮಘಾ, ಅಕ್ಟೋಬರ್ ಮೊದಲಿಗೆ ಹಸ್ತ, ಮಳೆಯ ಎಣಿಕೆ ಮುಗಿದ ಮೇಲೆ ಡಿಸೆಂಬರ್ ಕೊನೆಗೆ ಒಮ್ಮೆ, ಸುಗ್ಗಿ ಮುಗಿಯುವ ಮಾರ್ಚ್ ಮೊದಲಿಗೆ ಒಮ್ಮೆ. ನೆಲೆಗಳು ಐದು: ಗುಡ್ಡಕ್ಕೆ ಮುಖಮಾಡಿದ ಡಂಬಳದ ಕೆರೆಯ ಏರಿ, ಶಿರಹಟ್ಟಿಯ ಕಡೆಯಿಂದ ಅದೇ ಗುಡ್ಡ, ಮಾಗಡಿ ಕೆರೆಯ ಏರಿ, ಲಕ್ಷ್ಮೇಶ್ವರದ ಹೊರಗಿನ ಎರೆಬಯಲು, ಹಮ್ಮಿಗಿಯ ಹೊಳೆದಂಡೆ. ನಿಲ್ಲುವ ಕಲ್ಲು ಒಂದೇ, ಮಸೂರ ಒಂದೇ, ಹೊತ್ತು ಒಂದೇ ಆಗಿರಬೇಕು. ಚಿತ್ರದ ಬೆನ್ನಿಗೆ ತಾರೀಖು, ವೇಳೆ, ದಿಕ್ಕು, ಹಿಂದಿನ ಮಳೆ ಬಿದ್ದು ಎಷ್ಟು ದಿನವಾಯಿತು, ಹೊಲದಲ್ಲಿರುವ ಪೈರು ಯಾವುದು ಎಂಬ ಐದು ವಿವರ ಇರತಕ್ಕದ್ದು.

ಇಲ್ಲಿ ಒಂದು ಶಂಕೆ ಏಳಬಹುದು. ಹೀಗೆ ಕಲ್ಲಿಗೂ ಗಡಿಯಾರಕ್ಕೂ ಕಟ್ಟಿಹಾಕಿದರೆ ಛಾಯಾಚಿತ್ರಕಲೆ ಮೋಜಣಿಯಾಗದೆ? ಕಲಾವಿದನ ಸ್ವಾತಂತ್ರ್ಯವೆಲ್ಲಿ? ಈ ಶಂಕೆ ಅಕಾರಣವಾದುದಲ್ಲ. ಆದರೆ ನಮ್ಮ ಅನುಭವ ಬೇರೆ. ಕಳೆದ ಎರಡು ವರ್ಷಗಳಿಂದ ಡಂಬಳದ ಏರಿಯ ನೆಲೆಯೊಂದರಲ್ಲಿ ಈ ಕ್ರಮವನ್ನು ನಾವು ಅನುಸರಿಸಿದ್ದೇವೆ. ನಮ್ಮ ಅತ್ಯುತ್ತಮ ಚಿತ್ರ ಬಂದದ್ದು ನಾವು ಹೋಗಲು ಮನಸ್ಸಿಲ್ಲದ ಒಂದು ಮಾರ್ಚಿನ ಬೆಳಗಿನಲ್ಲಿ. ಎಲೆಯಿಲ್ಲದ ಗುಡ್ಡದ ಮೇಲೆ ಕಾಲುದಾರಿಗಳು, ಕುರಿಗಳ ಜಾಡು, ಕೊಚ್ಚಿಹೋದ ಕೊರಕಲುಗಳು ಮೊದಲ ಬಾರಿಗೆ ಬಿಡಿಬಿಡಿಯಾಗಿ ಕಂಡವು. ಹಸುರು ಅವುಗಳನ್ನು ವರ್ಷವೆಲ್ಲ ಮುಚ್ಚಿಟ್ಟಿತ್ತು. ಒಂದೇ ಕಡೆ ಮತ್ತೆ ಮತ್ತೆ ನಿಂತವನಿಗೆ ಬದಲಾವಣೆ ಕಾಣತೊಡಗುತ್ತದೆ. ಹೊಸ ಹೊಸ ಸ್ಥಳಕ್ಕೆ ಓಡುವವನಿಗೆ ಸ್ಥಳ ಮಾತ್ರ ಕಾಣುತ್ತದೆ.

ಎರಡು ವರ್ಷದ ಹನ್ನೆರಡು ಚಿತ್ರಗಳಿಂದ ಕಾಡಿನ ಕ್ಷಯವೃದ್ಧಿಗಳನ್ನು ಕುರಿತು ಏನನ್ನೂ ಸಾಧಿಸಲಾಗದೆಂಬುದನ್ನು ನಾವು ಬಲ್ಲೆವು. ಆದರೆ ಹತ್ತು ವರ್ಷಗಳ ಬಳಿಕ ಇನ್ನೊಬ್ಬ ವಿದ್ಯಾರ್ಥಿ ಅದೇ ಪ್ರಶ್ನೆಯನ್ನು ಕೈಗೆತ್ತಿಕೊಂಡರೆ ಅವನಿಗೆ ಶ್ರಾವಣಕ್ಕೆ ಶ್ರಾವಣವನ್ನು, ಫಾಲ್ಗುಣಕ್ಕೆ ಫಾಲ್ಗುಣವನ್ನು ಹೋಲಿಸಿ ನೋಡುವ ಅವಕಾಶವಿರುತ್ತದೆ. ಉಳಿದ ನಾಲ್ಕು ನೆಲೆಗಳನ್ನು ಆಯಾ ಊರುಗಳ ಕಾಲೇಜುಗಳ ಅಧ್ಯಾಪಕರೂ ವಿದ್ಯಾರ್ಥಿಗಳೂ ವಹಿಸಿಕೊಳ್ಳಬೇಕೆಂದು ವಿನಂತಿಸುತ್ತೇವೆ. ಮೊದಲು ಹೇಳಿದ ಕಿರುಪ್ರಬಂಧದ ಪ್ರತಿ ನಮ್ಮ ಗ್ರಂಥಾಲಯದಲ್ಲಿ ಈಗಲೂ ಇದೆ. ಅದರ ಎರಡು ಚಿತ್ರಗಳ ಕೆಳಗೆ ‘ಆಗಸ್ಟ್’ ಎಂದೂ ‘ಏಪ್ರಿಲ್’ ಎಂದೂ ನಮ್ಮ ಕೈಯಿಂದಲೇ ಬರೆದು ರುಜು ಹಾಕಿದ್ದೇವೆ.